ಸೆರಗಿನ ಒಳಮಗ್ಗುಲು

ಮಳೆಗಾಲ ಮುಗಿದು ಬಿಸಿಲು ಬಲಿತ ಮೇಲೆ, ವರ್ಷಕ್ಕೊಮ್ಮೆ, ಟ್ರಂಕಿನಿಂದ ಚಿಗವ್ವನ ಚಂದ್ರಕಾಳಿ ಸೀರೆಯನ್ನು ತೆಗೆದು ಪಡಸಾಲೆಯ ನೆರಳಿನಲ್ಲಿ ಹರವುತ್ತೇನೆ. ಕಾಡಿಗೆಯಂಥ ಕಪ್ಪು ಮೈ, ಕೆಂಪು ಸೆರಗು, ದಪ್ಪ ದಡಿ. ಸೆರಗಿನ ಹತ್ತಿರ ಗೇಣಗಲದ ತೇರುಗಳ ಸಾಲು. ಅಲ್ಲಿಂದ ಮೇಲೇರುತ್ತ ಹೋದಂತೆ ಚಿತ್ರಗಳು ಸಣ್ಣವಾಗುತ್ತವೆ: ತುಳಸಿ ಕಟ್ಟೆ, ಗಿಳಿ, ಕಮಲ, ಕೊನೆಗೆ ಬರೀ ಚುಕ್ಕಿ. ಗುಡಿಯ ಮುಂದೆ ನಿಂತವರಿಗೆ ಗೋಪುರ ದೊಡ್ಡದಾಗಿ, ದೂರ ಸರಿದವರಿಗೆ ಚಿಕ್ಕದಾಗಿ ಕಾಣುವ ಹಾಗೆ.

ಒಂದು ತೇರನ್ನಷ್ಟೇ ನೋಡೋಣ. ತುದಿಗೆ ಕಳಸ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಅಂತಸ್ತುಗಳು, ಕೆಳಗೆ ಎರಡು ಗಾಲಿ. ಗಾಲಿ ಎಂದರೂ ದುಂಡಗಿಲ್ಲ. ಕಸೂತಿಯಲ್ಲಿ ದುಂಡಗಿನದು ಯಾವುದೂ ಇಲ್ಲ. ಅಡ್ಡ, ಉದ್ದ, ಓರೆ ಇಷ್ಟೇ ಗೆರೆಗಳು. ಎಂಟು ಮೂಲೆಯ ಆ ಗಾಲಿ ಕಪ್ಪಿನ ಮೇಲೆ ಕಿತ್ತಳೆ ದಾರದಲ್ಲಿ ಉರುಳುವುದಕ್ಕೆ ಸಿದ್ಧವಾದಂತೆ ಕೂತಿದೆ. ಈಗ ಸೀರೆಯನ್ನು ಮಗುಚಿ ಹಾಕಿದರೆ ಅದೇ ತೇರು, ಅದೇ ಕಳಸ, ಅದೇ ಗಾಲಿ. ಗಂಟಿಲ್ಲ, ಜೋತಾಡುವ ದಾರದ ತುದಿಯಿಲ್ಲ, ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಿದ ಎಳೆಯಿಲ್ಲ. ಯಾವುದು ಮೇಲ್ಮೈ ಯಾವುದು ಒಳಮೈ ಎಂದು ಹೇಳಬೇಕಾದರೆ ನಾನು ಇವತ್ತಿಗೂ ದಡಿಯ ನೇಯ್ಗೆಯನ್ನು ನೋಡಿಯೇ ಹೇಳಬೇಕು.

ನನಗೆ ಸೂಜಿ ಹಿಡಿಸಿದವಳು ಈ ಚಿಗವ್ವನೇ. ಧಾರವಾಡದ ಮನೆ, ಬೇಸಿಗೆಯ ರಜೆ, ನನಗೆ ಹತ್ತು ವರ್ಷ. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ಗಂಡಸರು ಅಡ್ಡಾದ ಮೇಲೆ ಸಿಗುತ್ತಿದ್ದ ಎರಡು ತಾಸು ಅವಳದು. ಹಿತ್ತಲ ಬಾಗಿಲಲ್ಲಿ, ಬೆಳಕು ಎಡಗಡೆಯಿಂದ ಬೀಳುವಂತೆ ಕೂರುತ್ತಿದ್ದಳು. ನನ್ನ ಕೈಗೆ ಒಂದು ಖಾದಿ ತುಂಡು, ಕೆಂಪು ದಾರ ಪೋಣಿಸಿದ ಸೂಜಿ. ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಡು ಎಂದೆ. ಅವಳಿಗೆ ಆಶ್ಚರ್ಯವಾಯಿತು.

“ಗೆರಿ ಯಾಕವ್ವಾ? ಅರಿವ್ಯಾಗ ಎಳಿ ಅದಾವಲ್ಲ. ನಾಕು ಎಣಿಸು, ಚುಚ್ಚು. ಮತ್ತ ನಾಕು ಎಣಿಸು, ತಗಿ.”

ಕಸೂತಿಯ ವ್ಯಾಕರಣವೆಲ್ಲ ಆ ಮಾತಿನಲ್ಲಿದೆ. ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋಗುವುದು. ಚಿತ್ರ ಇರುವುದು ಹೊಲಿಯುವವಳ ನೆನಪಿನಲ್ಲಿ ಮತ್ತು ಎಣಿಕೆಯಲ್ಲಿ. ಕೈಯಿಂದ ಹತ್ತಿ ನೂಲಿನಲ್ಲಿ ಮಾಡುವುದರಿಂದ ಕೈ-ಸೂತಿ, ಅದೇ ಕಸೂತಿ ಆಯಿತು ಎನ್ನುವವರಿದ್ದಾರೆ. ಕೈಯ ಜೊತೆಗೆ ಎಣಿಕೆಯೂ ಆ ಹೆಸರಿನಲ್ಲಿ ಸೇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಕಸೂತಿಯಲ್ಲಿ ನಾಲ್ಕು ಬಗೆ. ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಎಂದರೆ ಮೆಂತೆಕಾಳಿನ ಹಾಗೆ ಕಾಣುವ, ಒಂದರ ಮೇಲೊಂದು ಅಡ್ಡ ಬೀಳುವ ಹೊಲಿಗೆ. ಚಿತ್ರದ ಒಡಲು ತುಂಬಲು ಬೇಕು, ದಾರ ಬಹಳ ತಿನ್ನುತ್ತದೆ. ನೇಗಿ ನೇಯ್ದಂತೆಯೇ ಕಾಣುತ್ತದೆ, ಹೆಸರೂ ಅದರಿಂದಲೇ. ಮುರ್ಗಿ ಮೆಟ್ಟಿಲಂತೆ ತಿರುತಿರುಗಿ ಏರುತ್ತದೆ. ನಾಲ್ಕರಲ್ಲಿ ನನ್ನ ಮನಸ್ಸು ನಿಂತಿರುವುದು ಗವಂತಿಯ ಮೇಲೆ. ಸೂಜಿ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ ಓಡುತ್ತ ಹೋಗುತ್ತದೆ. ಹೋದ ದಾರಿಯಲ್ಲಿ ಉಳಿಯುವುದು ತುಂಡು ತುಂಡು ಗೆರೆ, ಗದ್ದೆಯಲ್ಲಿ ಅಲ್ಲಲ್ಲಿ ಮೊಳೆತ ಪೈರಿನಂತೆ. ಕೊನೆ ಮುಟ್ಟಿದ ಮೇಲೆ ಸೂಜಿ ತಿರುಗುತ್ತದೆ. ಬಂದ ದಾರಿಯಲ್ಲೇ ಮರಳುತ್ತ, ಹೋಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ, ಹೊರಟ ರಂಧ್ರಕ್ಕೇ ಬಂದು ಸೇರುತ್ತದೆ. ಆಗ ಮೇಲೂ ಗೆರೆ ಪೂರ್ತಿ, ಕೆಳಗೂ ಪೂರ್ತಿ. ಹೋಗುವಾಗ ಅರ್ಧ ಚಿತ್ರ, ಬರುವಾಗ ಅರ್ಧ.

ಸರಳ ಗೆರೆಯಲ್ಲಿ ಇದು ಸುಲಭ. ತೇರಿನಲ್ಲಿ ಕವಲುಗಳಿವೆ. ಕಳಸ ಒಂದು ಕಡೆ, ಬಾವುಟ ಒಂದು ಕಡೆ, ಅಂತಸ್ತಿನೊಳಗೆ ಪುಟ್ಟ ಕಿಟಕಿ. ಕವಲು ಬಂದಾಗ ಅದರೊಳಗೆ ಹೋಗಿ ಬಂದು ಮುಂದೆ ಹೋಗಬೇಕೋ, ಅಥವಾ ಮರಳುವಾಗ ಅದನ್ನು ಮುಗಿಸಬೇಕೋ ಎಂದು ಮೊದಲೇ ತಿಳಿದಿರಬೇಕು. ತಪ್ಪಿದರೆ ಸೂಜಿ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಮುಂದೆ ಹೋಗಲು ದಾರಿಯಿಲ್ಲ, ಹಾರಿದರೆ ಒಳಮಗ್ಗುಲಲ್ಲಿ ಎಳೆ ಕಾಣುತ್ತದೆ. ಚಿಗವ್ವ ಹೊಲಿಯುವ ಮುಂಚೆ ಬೆರಳಿನಿಂದ ಗಾಳಿಯಲ್ಲಿ ದಾರಿ ತೋರಿಸಿಕೊಳ್ಳುತ್ತಿದ್ದಳು, ಊರಿಗೆ ಹೊರಡುವವರು ಹಾದಿಯ ಹಳ್ಳಿಗಳನ್ನು ಎಣಿಸಿಕೊಳ್ಳುವ ಹಾಗೆ.

ಬಹಳ ವರ್ಷಗಳ ನಂತರ, ಕಾಲೇಜಿನಲ್ಲಿ, ಆಯ್ಲರ್ ಎಂಬ ಗಣಿತಜ್ಞನ ಬಗ್ಗೆ ಓದಿದೆ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆಗಳಿದ್ದವು. ಯಾವ ಸೇತುವೆಯನ್ನೂ ಎರಡು ಸಲ ತುಳಿಯದೆ ಏಳನ್ನೂ ದಾಟಿ ಬರಬಹುದೇ ಎಂಬುದು ಅಲ್ಲಿಯವರ ಪ್ರಶ್ನೆ. ಆಗುವುದಿಲ್ಲವೆಂದು ಆಯ್ಲರ್ 1736ರ ಹೊತ್ತಿಗೆ ತೋರಿಸಿಕೊಟ್ಟ. ಸುತ್ತಿ ಹೊರಟ ಜಾಗಕ್ಕೇ ಬರಬೇಕಾದರೆ ಪ್ರತಿಯೊಂದು ಕೂಡುವ ಜಾಗದಲ್ಲೂ ದಾರಿಗಳು ಸರಿಸಂಖ್ಯೆಯಲ್ಲಿರಬೇಕು. ಪಾಠ ಕೇಳುತ್ತಿದ್ದ ನನಗೆ ಮೈ ಜುಮ್ಮೆಂದಿತು. ಪ್ರತಿ ಸೇತುವೆಯನ್ನೂ ಎರಡು ಸಲ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ದಾಟಬಹುದು ಎಂದರೆ? ಎಲ್ಲ ಜಾಗಗಳಲ್ಲೂ ದಾರಿಗಳು ಇಮ್ಮಡಿಯಾಗಿ ಸರಿಸಂಖ್ಯೆಯಾಗುತ್ತವೆ. ಚಿತ್ರ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಎಷ್ಟೇ ಕವಲುಗಳಿರಲಿ, ಹೊರಟಲ್ಲಿಗೆ ಮರಳುವ ದಾರಿ ಇದ್ದೇ ಇರುತ್ತದೆ. ಇನ್ನೊಂದು ಸೊಗಸಿದೆ. ಒಂದೇ ಅಳತೆಯ ಅಡ್ಡ-ಉದ್ದ ಹೊಲಿಗೆಗಳಷ್ಟೇ ಇರುವ ಚಿತ್ರದಲ್ಲಿ ರಂಧ್ರಗಳು ಚದುರಂಗದ ಕಪ್ಪು ಬಿಳಿ ಮನೆಗಳಂತೆ ಸರದಿಯಲ್ಲಿ ಬರುತ್ತವೆ. ಹಾಗಾಗಿ ಒಂದು ದಿಕ್ಕಿಗೆ ಮೇಲೆ ಹೋದ ದಾರ ಎದುರು ದಿಕ್ಕಿಗೆ ಬರುವಾಗ ತಾನಾಗಿ ಕೆಳಗೇ ಬೀಳುತ್ತದೆ. ಎರಡೂ ಮಗ್ಗುಲು ಒಂದೇ ಆಗುವುದಕ್ಕೆ ಗಣಿತವೇ ಜಾಮೀನು. ಚಿಗವ್ವ ನಾಲ್ಕನೆಯ ಇಯತ್ತೆ ದಾಟಿರಲಿಲ್ಲ. ಅವಳ ಬೆರಳು ಗಾಳಿಯಲ್ಲಿ ಹುಡುಕುತ್ತಿದ್ದುದು ಇದೇ ದಾರಿಯನ್ನು.

ಈ ಹೊಲಿಗೆ ನಮ್ಮದೊಂದೇ ಸೊತ್ತು ಎಂದು ಹೇಳಲಾರೆ. ಯುರೋಪಿನಲ್ಲಿ ಇದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ, ಮುಖ್ಯವಾಗಿ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರದ ತೋಳಿನ ಅಂಚಿನಲ್ಲಿ, ಬಿಳಿಯ ಮೇಲೆ ಕಪ್ಪು ದಾರದ ಇಂಥ ಕೆಲಸವನ್ನು ಎಳೆ ಎಳೆಯಾಗಿ ಕಾಣಬಹುದು. ತೋಳಿನ ಅಂಚು ಮಡಚಿದರೆ ಒಳಮೈ ಕಾಣುತ್ತದೆ, ಅದಕ್ಕೇ ಎರಡೂ ಕಡೆ ಒಂದೇ ಆಗಬೇಕು. ನಮ್ಮಲ್ಲೂ ಅದೇ ಮಾತು. ಹೆಗಲ ಮೇಲೆ ಹೊದ್ದ ಸೆರಗು ಗಾಳಿಗೆ ಮಗುಚುತ್ತದೆ. ಅಲ್ಲಿ ಹೆಸರು ಉಳಿದದ್ದು ಚಿತ್ರ ಬರೆದವನದು. ಹೊಲಿದವಳ ಹೆಸರಿಲ್ಲ. ಇಲ್ಲಿಯೂ ಇಲ್ಲ.

ನನ್ನ ಮೊದಲ ತುಳಸಿ ಕಟ್ಟೆ ನಾಲ್ಕು ದಿನ ತೆಗೆದುಕೊಂಡಿತು. ಮುಗಿಸಿ ಓಡಿಹೋಗಿ ತೋರಿಸಿದೆ. ಚಿಗವ್ವ ಅದನ್ನು ಕೈಗೆ ತೆಗೆದುಕೊಂಡು ಮೊದಲು ಮಾಡಿದ್ದು ಮಗುಚಿದ್ದು.

“ಮುಂದಿನ ಮಾರಿ ಎಲ್ಲಾರೂ ಚಂದ ಮಾಡ್ತಾರ,” ಎಂದಳು. “ಇಲ್ಲಿ ನೋಡು, ಮೂರು ಎಳಿ ತಗೊಂಡಿ. ಅಲ್ಲಿಂದ ಎಲ್ಲಾ ಜಾರೇತಿ.”

ಬಿಚ್ಚಬೇಕಾಯಿತು. ಅಳುತ್ತ ದಾರವನ್ನು ಜಗ್ಗಲು ಹೋದಾಗ ಕೈ ಹಿಡಿದಳು. “ಹಂಗಲ್ಲ. ಹೆಂಗ ಹೊಲದಿ, ಹಂಗ ಬಿಚ್ಚು. ಬಿಚ್ಚೂದೂ ಕಲೀಬೇಕು.” ಸೂಜಿಯ ಹಿಂತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ಬಟ್ಟೆಯ ಎಳೆ ಹರಿಯದಂತೆ, ದಾರ ಮತ್ತೆ ಬಳಸುವಂತೆ ಬಿಚ್ಚುವುದನ್ನು ಅವಳು ತಾನೇ ಮಾಡಿ ತೋರಿಸಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ನನ್ನ ಮೇಲೆ ಬೀಳಲಿಲ್ಲ, ಮೂರನೆಯ ಎಳೆಯ ಮೇಲೆ ಬಿತ್ತು. ಆಮೇಲೆ ನಾನು ಓದಿದ ಶಾಲೆಯಲ್ಲಿ ತಪ್ಪಿಗೆ ಕೆಂಪು ಗೆರೆ ಬೀಳುತ್ತಿತ್ತು, ಅಂಕ ಹೋಗುತ್ತಿತ್ತು, ಪಾಠ ಮುಂದೆ ಓಡುತ್ತಿತ್ತು. ತಪ್ಪು ನಡೆದ ಜಾಗಕ್ಕೇ ಮರಳಿ ಹೋಗಿ, ಅಲ್ಲಿಂದ ಮತ್ತೆ ಹೊರಡಲು ಯಾರೂ ಪುರುಸೊತ್ತು ಕೊಡಲಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಕೈಕಸುಬನ್ನೇ ನಡುವೆ ಇಟ್ಟುಕೊಂಡು ಮಕ್ಕಳಿಗೆ ಲೆಕ್ಕ, ಭಾಷೆ, ಲೋಕಜ್ಞಾನ ಕಲಿಸಬೇಕೆಂದು ವಾದಿಸಿದಾಗ ಅನೇಕರಿಗೆ ಅದು ಬಡವರ ಓದು ಎನಿಸಿತು. ನನಗೆ ಹಾಗೆ ಎಂದೂ ಅನಿಸಿಲ್ಲ. ನನ್ನ ಗಣಿತ ಶುರುವಾದದ್ದು ಹಿತ್ತಲ ಬಾಗಿಲಲ್ಲಿ.

ಚಿಗವ್ವನ ಬಾಳು ಸುಖದ್ದಾಗಿತ್ತು ಎಂದು ನಾನು ಬರೆಯುತ್ತಿಲ್ಲ. ಆ ಎರಡು ತಾಸು ಬಿಟ್ಟರೆ ದಿನವೆಲ್ಲ ಬೇರೆಯವರದು. ಆದರೆ ಆ ಎರಡು ತಾಸಿನಲ್ಲಿ ಅವಳ ಮುಖ ಬೇರೆಯಾಗುತ್ತಿತ್ತು. ತುಟಿಯಲ್ಲಿ ಎಣಿಕೆ, ಹುಬ್ಬಿನ ನಡುವೆ ಸಣ್ಣ ಗೆರೆ, ಕರೆದರೆ ಕೇಳಿಸುತ್ತಿರಲಿಲ್ಲ. ಮನೆಗೆ ಬಂದ ಕೂಸಿಗೆಲ್ಲ ಕುಂಚಿಗೆ, ಮದುವೆಯಾಗುವ ಹುಡುಗಿಗೆ ಕುಪ್ಪಸದ ಕಣ. ಮಾರಿದ್ದು ಒಂದೂ ಇಲ್ಲ. ಚಂದ್ರಕಾಳಿ ಅವಳ ಮದುವೆಗೆ ಅವಳೇ ಹೊಲಿದುಕೊಂಡದ್ದು. ಉಟ್ಟುಕೊಂಡು ಕೂತಾಗ ಊರ ಹೆಂಗಸರು ಮುಟ್ಟಿ ನೋಡಿ, ಮಗುಚಿ ನೋಡಿ, ತಲೆದೂಗಿದರಂತೆ. ಅವಳಿಗೆ ಸಿಕ್ಕ ಸನ್ಮಾನ ಅದೊಂದೇ. ಕೊನೆಯವರೆಗೂ ಹೇಳುತ್ತಿದ್ದಳು.

ಕಸೂತಿಗೆ ನೆಲ ಒದಗಿಸಿದ ಸೀರೆಯನ್ನೂ ನೆನೆಯಬೇಕು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕೂತ ನೇಕಾರ ಮೈಯ ಹಾಸನ್ನು ಬೇರೆ, ಸೆರಗಿನ ಹಾಸನ್ನು ಬೇರೆ ಮಾಡಿಕೊಂಡು, ಎರಡನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸುತ್ತಾನೆ. ಹಾಗಾಗಿ ಕಪ್ಪು ಮುಗಿದು ಕೆಂಪು ಶುರುವಾಗುವಲ್ಲಿ ಹೊಲಿಗೆಯಿಲ್ಲ, ಗಂಟಿನ ಉಬ್ಬಿಲ್ಲ. ಚಿಕ್ಕಿ, ಗೋಮಿ, ಪರಾಸಪೇಟ, ಗಾಡಿ ಎಂದು ದಡಿಗಳಿಗೆ ಒಂದೊಂದು ಹೆಸರು. ಎಣಿಸಲು ಸಿಗುವಂಥ ನೇರ ಎಳೆಗಳನ್ನು ಅವನು ನೇಯದಿದ್ದರೆ ಅವಳ ಎಣಿಕೆಗೆ ಆಧಾರವೇ ಇರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರ ಕೆಲಸ ಒಂದೇ ಬಟ್ಟೆಯಲ್ಲಿ ಹೀಗೆ ಕೂಡುತ್ತದೆ.

ಈಗ ಎರಡಕ್ಕೂ ಭೌಗೋಳಿಕ ಸೂಚಿಯ ಮನ್ನಣೆ ಇದೆ. ಹುಬ್ಬಳ್ಳಿ-ಧಾರವಾಡದ ಸುತ್ತ ಮನೆ ಮನೆಗಳಲ್ಲಿ ಹೆಂಗಸರು ಕೂಲಿಗೆ ಕಸೂತಿ ಹಾಕುತ್ತಾರೆ. ಮನೆಯ ಕೆಲಸ ದುಡಿಮೆಯಾದದ್ದು ಒಳ್ಳೆಯದೇ, ಕೈಗೆ ಕಾಸು ಬರಬೇಕು. ಸಂಕಟವಿರುವುದು ಆ ಕಾಸಿನ ಅಳತೆಯಲ್ಲಿ. ಮೈತುಂಬ ಕೆಲಸವಿರುವ ಸೀರೆಗೆ ತಿಂಗಳುಗಳೇ ಹಿಡಿಯುತ್ತವೆ. ಅದೇ ತೇರು, ಅದೇ ಗೋಪುರವನ್ನು ಕಂಪ್ಯೂಟರ್ ಹೊಲಿಗೆಯ ಯಂತ್ರ ಒಂದು ಮಧ್ಯಾಹ್ನದಲ್ಲಿ ಹಾಕಿ ಬಿಸಾಕುತ್ತದೆ. ಅಂಗಡಿಯ ಗಾಜಿನ ಹಿಂದೆ ಎರಡೂ ಒಂದೇ ಥರ ಕಾಣುತ್ತವೆ, ಬೆಲೆಯನ್ನು ಹೋಲಿಸಿದವರು ಯಂತ್ರದ್ದನ್ನು ಎತ್ತಿಕೊಳ್ಳುತ್ತಾರೆ. ಕಣ್ಣು ಹೋಗುತ್ತದೆ, ಬೆನ್ನು ಹೋಗುತ್ತದೆ, ಕೂಲಿ ಗಿಟ್ಟುವುದಿಲ್ಲ ಎಂದು ಒಳ್ಳೆಯ ಕೈಗಳು ಸೂಜಿ ಇಟ್ಟುಬಿಡುತ್ತಿವೆ. ಕಳೆದ ವರ್ಷ ಒಬ್ಬ ಹೆಣ್ಣುಮಗಳ ಮನೆಗೆ ಹೋಗಿದ್ದೆ. ಗವಂತಿಯಲ್ಲಿ ಆನೆ ಅಂಬಾರಿ ಹಾಕುತ್ತಿದ್ದಳು. ಮಗಳಿಗೆ ಕಲಿಸಿದ್ದೀಯಾ ಎಂದರೆ ತಲೆ ಅಲ್ಲಾಡಿಸಿದಳು. “ಅಕಿ ಬ್ಯಾಂಕ್ ಪರೀಕ್ಷಾಕ್ಕ ಓದಾಕತ್ಯಾಳ್ರೀ ಅಕ್ಕಾರ. ಇದರಾಗ ಹೊಟ್ಟಿ ತುಂಬೂದಿಲ್ಲ.” ಅವಳನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಆನೆಯ ಒಳಮಗ್ಗುಲು ನೋಡಿದೆ. ಚಿಗವ್ವ ನೋಡಿದ್ದರೂ ಒಂದು ಎಳೆ ಎತ್ತಿ ಆಡುತ್ತಿರಲಿಲ್ಲ.

ಓದುವವರಲ್ಲಿ ನನ್ನದೊಂದು ಕೋರಿಕೆ. ಕಸೂತಿ ಎಂದು ಹೇಳಿ ಯಾರಾದರೂ ಸೀರೆ ಬಿಚ್ಚಿ ತೋರಿಸಿದಾಗ, ಬೆಲೆ ಕೇಳುವ ಮುಂಚೆ ಸೆರಗನ್ನು ಮಗುಚಿ ನೋಡಿ. ಒಳಮಗ್ಗುಲಲ್ಲಿ ಬಿಳಿ ದಾರದ ಗೋಜಲು, ಅಂಟಿಸಿದ ಕಾಗದದ ಚೂರು ಕಂಡರೆ ಅದು ಯಂತ್ರದ್ದು. ಅಲ್ಲಿಯೂ ಅದೇ ತೇರು, ಅದೇ ಕಳಸ, ಅದೇ ಗಾಲಿ ಕಂಡರೆ ಒಬ್ಬಾಕೆ ಹೋದ ದಾರಿಯಲ್ಲೇ ಎಣಿಸುತ್ತ ಮರಳಿ ಬಂದಿದ್ದಾಳೆ. ಅವಳ ಹತ್ತಿರ ಚೌಕಾಸಿ ಮಾಡಬೇಡಿ.