ಹೊಸ ತಂತ್ರಾಂಶ ವೇದಿಕೆ: ಗೃಹಪ್ರವೇಶದ ಆಚೆಗಿನ ಲೆಕ್ಕ

ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಹೊಸ ಮನೆ ಕಟ್ಟಿಸುವವರು ಗೃಹಪ್ರವೇಶದವರೆಗಿನ ಖರ್ಚನ್ನು ಪೈಸೆ ಬಿಡದೆ ಬರೆದಿಡುತ್ತಾರೆ. ಮುಂದಿನ ಮೂವತ್ತು ವರ್ಷಗಳ ದುರಸ್ತಿಯ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಕಾಲೇಜು, ಕಚೇರಿ, ಉದ್ದಿಮೆಗಳು ಹೊಸ ತಂತ್ರಾಂಶ ಅಭಿವೃದ್ಧಿ ವೇದಿಕೆಯನ್ನು ಆಯ್ದುಕೊಳ್ಳುವಾಗಲೂ ಹೀಗೆಯೇ ಆಗುತ್ತದೆ. 'ಬೆಲೆ ಎಷ್ಟು?', 'ಎಷ್ಟು ಹೊಸದು?' ಎಂಬ ಎರಡು ಪ್ರಶ್ನೆಗಳಲ್ಲೇ ಚರ್ಚೆ ಮುಗಿದುಹೋಗುತ್ತದೆ. ಇವೆರಡೂ ಸಾಲವು ಎಂಬುದು ಈ ಲೇಖನದ ವಾದ.

ವೇದಿಕೆ ಎಂದರೆ ಒಂದು ಕ್ರಮವಿಧಿ ಭಾಷೆ ಮಾತ್ರವಲ್ಲ. ಭಾಷೆ, ಕಂಪೈಲರ್, ದತ್ತಸಂಚಯ, ಕಾರ್ಯಾಚರಣ ವ್ಯವಸ್ಥೆ, ಅಕ್ಷರಗಳ ಸಂಕೇತ ಪದ್ಧತಿ ಎಲ್ಲವೂ ಸೇರಿ ವೇದಿಕೆಯಾಗುತ್ತದೆ. ಅವುಗಳನ್ನು ಬಲ್ಲ ಜನರನ್ನೂ ಈ ಪಟ್ಟಿಗೆ ಸೇರಿಸಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೇ ನೋಡಿ. 1923ರಲ್ಲಿ ಅಲ್ಲಿ ಕಬ್ಬಿಣ ತಯಾರಿಕೆ ಆರಂಭವಾದದ್ದು ಇದ್ದಿಲಿನ ಊದು ಕುಲುಮೆಯಿಂದ. ಆ ಕುಲುಮೆಯ ಹಿಂದೆ ಮಲೆನಾಡಿನ ಕಾಡು, ಮರ ಕಡಿಯುವವರು, ಇದ್ದಿಲು ಸುಡುವವರು, ಸಾಗಣೆಯ ದಾರಿ ಎಲ್ಲವೂ ಇದ್ದವು. ಮುಂದೆ ವಿದ್ಯುತ್ ಕುಲುಮೆಗಳು ಬಂದಾಗ ಬದಲಾದದ್ದು ಒಂದು ಯಂತ್ರವಲ್ಲ, ಇಡೀ ಪೂರೈಕೆಯ ಸರಪಳಿ. ತಂತ್ರಾಂಶದ ಮಾತೂ ಹಾಗೆಯೇ.

ಉಳಿತಾಯದ ಗುಣಾಕಾರ

ಮೊದಲು ಬೆಲೆಯ ಪ್ರಶ್ನೆಯನ್ನು ಪರೀಕ್ಷಿಸೋಣ. ಕೇರಳದ 'ಐಟಿ@ಸ್ಕೂಲ್' ಯೋಜನೆ 2001-02ರ ಸುಮಾರಿಗೆ ಆರಂಭವಾಗಿ, ಅದೇ ದಶಕದಲ್ಲಿ ಶಾಲೆಗಳನ್ನು ಗ್ನೂ/ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿಸಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರ ಫಲಾನುಭವಿಗಳು. ಅವರಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ದೊರೆಯುತ್ತದೆ.

ಇದರಿಂದ 3,000 ಕೋಟಿ ರೂಪಾಯಿ ಉಳಿತಾಯವೆಂದು 2019ರಲ್ಲಿ ವರದಿಯಾಯಿತು. ಲೆಕ್ಕ ಸರಳ: ಗಣಕವೊಂದಕ್ಕೆ ಪರವಾನಗಿ ಶುಲ್ಕ ಸುಮಾರು 1.5 ಲಕ್ಷ ರೂಪಾಯಿ, ಗಣಕಗಳು 2 ಲಕ್ಷ. ಗುಣಾಕಾರ ಸರಿ. ಆದರೆ ಭೌತವಿಜ್ಞಾನದ ವಿದ್ಯಾರ್ಥಿ ಉತ್ತರಕ್ಕಿಂತ ಮೊದಲು ಊಹೆಯನ್ನು ನೋಡಬೇಕು. ಪ್ರತಿಯೊಂದು ಶಾಲೆಯ ಪ್ರತಿಯೊಂದು ಗಣಕಕ್ಕೂ ಅಷ್ಟೆಲ್ಲ ತಂತ್ರಾಂಶವನ್ನು ಪೂರ್ಣ ಬೆಲೆಗೆ ಯಾವ ಸರ್ಕಾರ ಕೊಳ್ಳುತ್ತಿತ್ತು? ಕೊಳ್ಳದೇ ಇರುತ್ತಿದ್ದ ವಸ್ತುವಿನ ಬೆಲೆ ಉಳಿತಾಯವಾಗುವುದಿಲ್ಲ. ಲೆಕ್ಕದ ಇನ್ನೊಂದು ಬದಿಯಲ್ಲಿ ಶಿಕ್ಷಕರ ತರಬೇತಿ, ಪಠ್ಯರಚನೆ, ದುರಸ್ತಿಗಳ ವೆಚ್ಚವಿದೆ. ಅದನ್ನು ಕಳೆಯದೆ ನಿವ್ವಳ ಲಾಭ ಹೇಳಲಾಗದು.

ಹಾಗೆಂದು ಕೇರಳದ ನಿರ್ಧಾರ ತಪ್ಪೆಂದು ಭಾವಿಸಬೇಡಿ. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರ, ಆದರೆ ಬೇರೆ ಕಾರಣಕ್ಕೆ. ಅಲ್ಲಿ ವೇದಿಕೆಯ ಬದಲಾವಣೆ ಶಿಕ್ಷಕರ ತರಬೇತಿ, ಪಠ್ಯ, ಪರೀಕ್ಷೆಗಳ ಜೊತೆಜೊತೆಗೆ ನಡೆಯಿತು. ಪ್ರಯೋಗಾಲಯದಲ್ಲಿ ಒಂದು ವ್ಯವಸ್ಥೆ, ಪರೀಕ್ಷೆಯಲ್ಲಿ ಇನ್ನೊಂದು ಎಂಬ ಗೊಂದಲ ಉಳಿಯಲಿಲ್ಲ. ಯೋಜನೆಯ ನಿಜವಾದ ಆಸ್ತಿ ಶುಲ್ಕದ ಉಳಿತಾಯವಲ್ಲ, ಪಳಗಿದ ಶಿಕ್ಷಕರು.

'ಭೂಮಿ' ಕಲಿಸುವ ಪಾಠ

ನಮ್ಮ ರಾಜ್ಯದ 'ಭೂಮಿ' ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳನ್ನು ಗಣಕಕ್ಕೆ ತಂದಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಈ ಯಶಸ್ಸನ್ನು ಹೊಗಳುವ ಬರಹಗಳು ಗಣಕವನ್ನೇ ಮುಂದಿಡುತ್ತವೆ. ಆದರೆ ಯಶಸ್ಸಿನ ತಿರುಳು ಒಂದು ಆಡಳಿತ ನಿರ್ಧಾರದಲ್ಲಿತ್ತು: ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನೇ ರದ್ದುಮಾಡಲಾಯಿತು. ಹಳೆಯದೂ ಹೊಸದೂ ಜೊತೆಯಾಗಿ ನಡೆದಿದ್ದರೆ ಜನ ಹಳೆಯದಕ್ಕೇ ಅಂಟಿಕೊಳ್ಳುತ್ತಿದ್ದರು.

ಈಗ ಯಂತ್ರದ ಭಾಗವನ್ನು ನೋಡಿ. ಆರಂಭದ 'ಭೂಮಿ' ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ವಿಷುಯಲ್ ಬೇಸಿಕ್ 6ರಲ್ಲಿ ರೂಪಿಸಿತು. ಕನ್ನಡಕ್ಕೆ ಸಿ-ಡ್ಯಾಕ್‌ನ ಜಿಸ್ಟ್ ತಂತ್ರಜ್ಞಾನವಿತ್ತು. ಅಂದಿನ ಮಟ್ಟಿಗೆ ಅದು ವಿವೇಕದ ಆಯ್ಕೆಯೇ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ವಿಷುಯಲ್ ಬೇಸಿಕ್ 6 ಹೊರಬಂದದ್ದು 1998ರಲ್ಲಿ. ಅದರ ಅಭಿವೃದ್ಧಿ ಪರಿಸರಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರಲ್ಲಿ. ಬೆಂಬಲ ನಿಂತ ಮಾತ್ರಕ್ಕೆ ಕ್ರಮವಿಧಿ ನಿಲ್ಲುವುದಿಲ್ಲ ನಿಜ, ಆದರೆ ದೋಷ ತಿದ್ದುವವರಿರುವುದಿಲ್ಲ. ಹೊಸ ಎಂಜಿನಿಯರು ಅದನ್ನು ಕಲಿಯುವುದಿಲ್ಲ. ಸ್ವತಂತ್ರ ತಂತ್ರಾಂಶಕ್ಕೂ ಮುಪ್ಪು ತಪ್ಪಿದ್ದಲ್ಲ. ಕೈಟ್ 2019ರಲ್ಲಿ ಆಧಾರವಾಗಿ ಬಳಸಿದ ಉಬುಂಟು 18.04ರ ಸಾಮಾನ್ಯ ಬೆಂಬಲ 2023ರಲ್ಲಿ ಮುಗಿಯಿತು.

ವೇದಿಕೆಯ ಆಯುಸ್ಸು ಐದೋ ಹತ್ತೋ ವರ್ಷ. ಪಹಣಿಯ ಆಯುಸ್ಸು ತಲೆಮಾರುಗಳು. ದತ್ತಾಂಶ ಯಾವಾಗಲೂ ವೇದಿಕೆಗಿಂತ ಹೆಚ್ಚು ಕಾಲ ಬದುಕುತ್ತದೆ. ಹಾಗಾಗಿ ವೇದಿಕೆಯೊಳಗೆ ಹೋಗುವಾಗಲೇ ಹೊರಬರುವ ಬಾಗಿಲನ್ನು ಗುರುತಿಸಿಟ್ಟಿರಬೇಕು. ಯೂನಿಕೋಡ್‌ಗಿಂತ ಹಿಂದೆ ಕನ್ನಡ ಬೆರಳಚ್ಚು ಮಾಡಿದವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಅಕ್ಷರದ ಬದಲು ಅಕ್ಷರದ ತುಂಡುಗಳ ಸಂಕೇತವನ್ನು ಉಳಿಸಿದ ಆ ಕಡತಗಳು, ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತವೆ. ಪರಿವರ್ತಕ ತಂತ್ರಾಂಶಗಳಿದ್ದರೂ, ಪರಿವರ್ತಿಸಿದ್ದನ್ನು ಮತ್ತೆ ಓದಿ ತಿದ್ದುವ ದುಡಿಮೆಗೆ ಯಾರೂ ಹಣ ತೆಗೆದಿಟ್ಟಿರುವುದಿಲ್ಲ.

ಬದಲಾಗದಿರುವುದಕ್ಕೂ ಬೆಲೆಯಿದೆ

ಹಾಗಾದರೆ ಇದ್ದದ್ದರಲ್ಲೇ ಇರೋಣವೆ? ಅದಕ್ಕೂ ಬೆಲೆ ತೆರಬೇಕು. ನಮ್ಮ ದೇಶದ ಎಷ್ಟೋ ತರಗತಿಗಳಲ್ಲಿ 1990ರ ದಶಕದ ಆರಂಭದ ಟರ್ಬೊ ಸಿ++ ಬಹುಕಾಲ ಉಳಿದುಕೊಂಡಿತು. ಸಿ++ ಭಾಷೆಗೆ ಅಂತರರಾಷ್ಟ್ರೀಯ ಶಿಷ್ಟತೆ ಬಂದದ್ದು 1998ರಲ್ಲಿ. ಟರ್ಬೊ ಅದಕ್ಕಿಂತ ಹಳೆಯದು. 64 ಬಿಟ್‌ನ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದೂ ಇಲ್ಲ. ಹಳೆಯ ಡಾಸ್‌ನ ಅನುಕರಣೆ ಬೇಕು.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಟರ್ಬೊದಲ್ಲಿ ಪೂರ್ಣಾಂಕಕ್ಕೆ 16 ಬಿಟ್‌ಗಳಷ್ಟೇ ಜಾಗ. ಗರಿಷ್ಠ ಬೆಲೆ 32,767. 7ರ ಕ್ರಮಗುಣಿತ 5,040 ಎಂದು ಸರಿಯಾಗಿ ಬರುತ್ತದೆ. 8ರ ಕ್ರಮಗುಣಿತ 40,320 ಬರಬೇಕಾದಲ್ಲಿ −25,216 ಬರುತ್ತದೆ! ಇಂದಿನ ಕಂಪೈಲರ್‌ನಲ್ಲಿ ಅದೇ ಕ್ರಮವಿಧಿ ಸರಿಯುತ್ತರ ಕೊಡುತ್ತದೆ. ಸಂಖ್ಯೆಯ ಮಿತಿ ಗಣಿತದ್ದಲ್ಲ, ವೇದಿಕೆಯದು ಎಂಬುದನ್ನು ತಿಳಿಸಿದರೆ ಇದೊಂದು ಉತ್ತಮ ಪಾಠ. ತಿಳಿಸದಿದ್ದರೆ ವಿದ್ಯಾರ್ಥಿ ಒಂದು ಹಳೆಯ ಯಂತ್ರದ ದೌರ್ಬಲ್ಯವನ್ನೇ ಭಾಷೆಯ ನಿಯಮವೆಂದು ಉರುಹೊಡೆಯುತ್ತಾನೆ.

ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಸಂಸ್ಥೆಯಲ್ಲಿ ಹೊಸ ವೇದಿಕೆಯ ಮಾತು ಬಂದಾಗ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ:

1. ನಮ್ಮ ದತ್ತಾಂಶವನ್ನು ಮುಕ್ತ ಶಿಷ್ಟತೆಯ ರೂಪದಲ್ಲಿ ಹೊರತೆಗೆಯಬಹುದೆ? ಒಂದು ಮಾದರಿ ಕಡತವನ್ನು ಕೊಳ್ಳುವ ಮೊದಲೇ ಹೊರತೆಗೆದು ನೋಡಿದ್ದೇವೆಯೆ?

2. ಬೆಂಬಲ ಯಾವ ವರ್ಷ ಮುಗಿಯುತ್ತದೆ? ಆಗಿನ ಬದಲಾವಣೆಗೆ ಹಣ ಎಲ್ಲಿಂದ ಬರುತ್ತದೆ?

3. ಇದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಒಬ್ಬರೇ ಆದರೆ, ಅವರು ವರ್ಗವಾದ ಮರುದಿನ ಏನು ಗತಿ?

4. ಹಳೆಯ ವ್ಯವಸ್ಥೆಯನ್ನು ಯಾವ ದಿನ ನಿಲ್ಲಿಸುತ್ತೇವೆ? ನಿಲ್ಲಿಸುವ ಅಧಿಕಾರ ಯಾರದು?

ಇವುಗಳಲ್ಲಿ ಒಂದಕ್ಕೂ ಕ್ರಮವಿಧಿ ಬರೆಯಲು ಗೊತ್ತಿರಬೇಕಾಗಿಲ್ಲ. ಆದ್ದರಿಂದ 'ಇದು ಗಣಕ ವಿಭಾಗದವರ ವಿಷಯ' ಎಂದು ಉಳಿದ ಅಧ್ಯಾಪಕರು ಸುಮ್ಮನಿರುವಂತಿಲ್ಲ. ಮಾರಾಟಗಾರರು ಮೊದಲ ವರ್ಷದ ಬೆಲೆಯನ್ನು ಹೇಳುತ್ತಾರೆ. ಹತ್ತನೆಯ ವರ್ಷದ ಬೆಲೆಯನ್ನು ನಾವೇ ಲೆಕ್ಕ ಹಾಕಬೇಕು.