ಟೀಮ್‌ವರ್ಕ್ ಇದೆ, ಒಗ್ಗಟ್ಟು ಇದೆಯಾ?

ಚರ್ಚಿನ ಪ್ರಸಂಗಗಳಲ್ಲಿ ಈಗ "ಟೀಮ್‌ವರ್ಕ್" ಅನ್ನೋ ಪದ ಜೋರಾಗಿ ಓಡ್ತಿದೆ. ನೀವೂ ಕೇಳಿರ್ತೀರಿ. ನನಗೆ ಅದರ ಬಗ್ಗೆ ಒಂದು ತಕರಾರಿದೆ.

ಅಲ್ ಕೂಜ್‌ನ ಯಾವುದಾದರೂ ಗೋಡೌನಿಗೆ ಹೋಗಿ ನೋಡಿ. ಒಬ್ಬರು ಸಾಮಾನು ಇಳಿಸ್ತಾರೆ, ಒಬ್ಬರು ಪ್ಯಾಕ್ ಮಾಡ್ತಾರೆ, ಇನ್ನೊಬ್ಬರು ಲಾರಿಗೆ ತುಂಬ್ತಾರೆ. ಅಚ್ಚುಕಟ್ಟಾದ ಟೀಮ್‌ವರ್ಕ್. ಆದರೆ ಪಕ್ಕದವರ ಹೆಸರು ಗೊತ್ತಿಲ್ಲದಿದ್ದರೂ ಅದು ನಡೆಯುತ್ತೆ.

ನಮ್ಮ ಕನ್ನಡ ಪ್ರಾರ್ಥನಾ ಕೂಟದ ಹಾಜರಾತಿ ಶೀಟ್ ಮಾಡಿದ್ದು ನಾನೇ. ಹಾಡಿಗೆ ಒಂದು ಟೀಮು, ಚಹಾಕ್ಕೆ ಒಂದು, ಮೈಕಿಗೆ ಒಂದು. ಅಲ್ ಕೂಜ್ ಕ್ಯಾಂಪಿನಿಂದ ಬಸ್ಸು ಹತ್ತಿ ಬರುತ್ತಿದ್ದ ರಾಯಚೂರು ಕಡೆಯ ಅಣ್ಣ ಒಬ್ಬರು ಬರೋದು ನಿಲ್ಲಿಸಿದರು. ಹೊಸ ಕುಟುಂಬಗಳು ಸೇರಿದ್ದರಿಂದ ಒಟ್ಟು ಸಂಖ್ಯೆ ಕಡಿಮೆಯಾಗಲಿಲ್ಲ. ಅವರಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆರು ವಾರದ ಮೇಲೆ. ಅವರ ಶಿಫ್ಟ್ ಬದಲಾಗಿತ್ತು, ಅಷ್ಟೇ. ಯಾವ ಟೀಮಿಗೂ ಅದು "ನಮ್ಮ ಕೆಲಸ" ಆಗಿರಲಿಲ್ಲ.

ಒಗ್ಗಟ್ಟು ಅಂದರೆ ಕೆಲಸ ಹಂಚಿಕೊಳ್ಳೋದಷ್ಟೇ ಅಲ್ಲ, ಏನನ್ನಾದರೂ ಬಿಟ್ಟುಕೊಡೋದೂ ಹೌದು. ಇದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ: ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ. 1919ರಲ್ಲಿ ತರಂಗಂಬಾಡಿಯಲ್ಲಿ ಮಾತುಕತೆ ಶುರುವಾಯ್ತು. ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಇಪ್ಪತ್ತೆಂಟು ವರ್ಷ! ಮುಖ್ಯ ತೊಡಕು ಬಿಷಪ್ಪರದು. ಬಳ್ಳಾರಿಯ ಲಂಡನ್ ಮಿಷನ್, ಮೈಸೂರಿನ ವೆಸ್ಲಿಯನ್ ಮೆಥೊಡಿಸ್ಟ್ ಪರಂಪರೆಗಳಲ್ಲಿ ಆಂಗ್ಲಿಕನ್ ರೀತಿಯ ಬಿಷಪ್ಪರೇ ಇರಲಿಲ್ಲ. ಅವರು ಬಿಷಪ್ಪರನ್ನು ಒಪ್ಪಿಕೊಂಡರು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಆಂಗ್ಲಿಕನ್ನರು ಮರುದೀಕ್ಷೆ ಕೇಳದೆ ಒಪ್ಪಿಕೊಂಡರು. ಇಬ್ಬರಿಗೂ ನೋವಾಯ್ತು.

ಹಾಗಂತ ಆ ಕಥೆಯನ್ನು ಪೂಜಿಸಬೇಕಿಲ್ಲ. ಅದೇ ಸಭೆಯ ಮುಖ್ಯಸ್ಥರ ಚುನಾವಣೆಯ ಜಗಳ ಇತ್ತೀಚೆಗೆ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. ಒಮ್ಮೆ ಸಹಿ ಹಾಕಿದರೆ ಒಗ್ಗಟ್ಟು ಶಾಶ್ವತವಾಗಲ್ಲ.

ದುಬೈ ನಮಗೆ ಇನ್ನೊಂದು ಸುಲಭದ ದಾರಿ ಕಲಿಸಿದೆ. ಊದ್ ಮೇಥಾದ ಹೋಲಿ ಟ್ರಿನಿಟಿ ಕಾಂಪೌಂಡಿನಲ್ಲಿ ಎಷ್ಟೋ ಭಾಷೆಯ ಸಭೆಗಳು ಗಂಟೆ ಹಂಚಿಕೊಂಡು ಸೇರುತ್ತವೆ. ಜಾಗ ಕಡಿಮೆ ಇರುವ ಊರಲ್ಲಿ ಅದು ದೊಡ್ಡ ಉಪಕಾರವೇ. ಆದರೆ ಟೈಮ್‌ಟೇಬಲ್ ಸರಿಯಾಯ್ತು ಅಂದ ಮಾತ್ರಕ್ಕೆ ನಾವು ಒಂದಾದೆವು ಅಂದುಕೊಂಡರೆ ಅದು ನಮ್ಮನ್ನೇ ನಾವು ನಂಬಿಸಿಕೊಂಡ ಹಾಗೆ.

ನಿಮ್ಮ ಕೂಟದಲ್ಲೂ ಕೇಳಿ ನೋಡಿ: ಯಾರಿಗೋಸ್ಕರ ನಾವು ಏನು ಬಿಟ್ಟಿದ್ದೇವೆ? ನಾವು ಕೊನೆಗೆ ಮಾಡಿದ್ದು ಸಣ್ಣದು. ಪ್ರಾರ್ಥನೆಯ ಹೊತ್ತನ್ನು ಎರಡು ಗಂಟೆ ಮುಂದೆ ಹಾಕಿದೆವು. ಕೆಲವು ಮನೆಯವರಿಗೆ ರಾತ್ರಿ ಊಟ ತಡವಾಗುತ್ತೆ, ಗೊಣಗ್ತಾರೆ. ಆ ಅಣ್ಣ ಮತ್ತೆ ಬರ್ತಿದ್ದಾರೆ. ಇಲ್ಲೇ ಹುಟ್ಟಿದ ಒಬ್ಬ ಹುಡುಗಿ ಅವರ ಪಕ್ಕ ಕೂತು, ಅವರ ಬೆರಳು ಹೋದ ಕಡೆ ಕಣ್ಣು ಓಡಿಸಿ ಕನ್ನಡ ಓದ್ತಾಳೆ.

ನನ್ನ ಶೀಟಿನಲ್ಲಿ ಈಗ ಒಟ್ಟು ಸಂಖ್ಯೆಯ ಕಾಲಂ ಇಲ್ಲ. ಹೆಸರುಗಳಿವೆ.