ತಲೆ ಬಿಟ್ಟು ಬಾಲ ಹಿಡಿದದ್ದು

ಶಿವಾಜಿನಗರದಿಂದ ಕೆ.ಆರ್. ಪುರದ ಕಡೆ ಹೋಗುವ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕ ಕೂತ ಹುಡುಗ ಇನ್ನೂರು ಪುಟದ ನೋಟ್‌ಬುಕ್ ಬಿಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಕದ್ದು ನೋಡಿದೆ, ಅಂಕಣ ಬರೆಯುವವರಿಗೆ ಅಂಟಿದ ಕೆಟ್ಟ ಚಾಳಿ ಅದು. ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಪಾಠ. ಎಡಕ್ಕೆ ಗಿವ್ ಅಪ್, ಗಿವ್ ಇನ್, ಲುಕ್ ಆಫ್ಟರ್, ಪುಟ್ ಆಫ್. ಬಲಕ್ಕೆ ಪೆನ್ಸಿಲಿನಲ್ಲಿ ಕನ್ನಡದ ಅರ್ಥ. ಫ್ರೇಸಲ್ ವರ್ಬ್ ಎಂಬ ತಂಟೆ. ಪುಟಾಣಿ ಕ್ರಿಯಾಪದಕ್ಕೆ ಇನ್ನೂ ಪುಟಾಣಿಯಾದ ಬಾಲ ಕಟ್ಟಿದರೆ ಸಾಕು, ಅರ್ಥ ಎಲ್ಲಿಂದ ಎಲ್ಲಿಗೋ ನೆಗೆಯುತ್ತದೆ. ಹುಡುಗ ಕಣ್ಣು ಮುಚ್ಚಿ ಉರು ಹೊಡೆಯುತ್ತಿದ್ದಾಗಲೇ ಕಂಡಕ್ಟರ್ ಹಿಂದಿನಿಂದ ಕೂಗಿದರು: "ಹೋಲ್ಡಾನ್!" ಬಸ್ಸು ನಿಂತಿತು.

ಇಂಗ್ಲಿಷಿನವರಿಗೆ ಹೋಲ್ಡ್ ಆನ್ ಅಂದರೆ ತಾಳು, ಇಲ್ಲವೇ ಗಟ್ಟಿಯಾಗಿ ಹಿಡಿದುಕೋ. ನಮ್ಮ ಬಸ್ಸಿನಲ್ಲಿ ಅದು ನಿಲ್ಲಿಸು. ಬ್ರೇಕ್ ಬೀಳುವ ರಭಸ ನೋಡಿದರೆ, ನಿಂತು ಪ್ರಯಾಣ ಮಾಡುವವರಿಗೆ ಮೂಲದ ಅರ್ಥವೂ ಸರಿಯಾಗಿಯೇ ಅನ್ವಯಿಸುತ್ತದೆ.

1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟ ಮೇಲೆ ಇಲ್ಲಿ ಇಂಗ್ಲಿಷು ಶಾಲೆಗಿಂತ ಹೆಚ್ಚಾಗಿ ಬೀದಿಯಿಂದ ಬಂತು. ಕೇಳಿಸಿಕೊಂಡು ಕಲಿತ ಭಾಷೆಯಲ್ಲಿ ಯಾವುದು ಜೋರಾಗಿ ಕಿವಿಗೆ ಬೀಳುತ್ತದೋ ಅದು ಉಳಿಯುತ್ತದೆ. 'ಸ್ವಿಚ್ ಆಫ್', 'ಟರ್ನ್ ಆಫ್' ಎರಡರಲ್ಲೂ ಕೊನೆಗೆ ಕೇಳಿಸುವುದು ಆಫ್. ತಲೆಯ ಕ್ರಿಯಾಪದ ನಮಗೆ ಬೇಕಾಗಲೇ ಇಲ್ಲ. ಆ ಕೆಲಸಕ್ಕೆ 'ಮಾಡು' ಸಿದ್ಧವಾಗಿಯೇ ಇತ್ತು. ಶಿವಾಜಿನಗರದ ಒಂದೇ ವಠಾರದಲ್ಲಿ ಲೈಟು ಆಫ್ ಮಾಡು, ಆಫ್ ಪಣ್ಣು, ಆಫ್ ಕರೋ, ಆಫ್ ಚೆಯ್ಯಿ. ನಾಲ್ಕು ಭಾಷೆ, ಅಚ್ಚು ಒಂದೇ. ಅದೇ ವಠಾರದ ಮಕ್ಕಳು ಕಾನ್ವೆಂಟಿಗೆ ಹೋಗಿ 'ಆಫ್ ದ ಲೈಟ್' ಅಂದಾಗ ಟೀಚರಿಗೆ ಸಿಟ್ಟು ಬರುತ್ತದೆ. ಮಗು ಮಾಡಿದ್ದು ಅಮ್ಮನ ವಾಕ್ಯದಿಂದ 'ಮಾಡು' ಒಂದನ್ನು ತೆಗೆದದ್ದಷ್ಟೆ.

ಈ 'ಆಫ್' ಬಗ್ಗೆ ನನಗೆ ವಿಶೇಷ ಪ್ರೀತಿ. ನಮ್ಮಜ್ಜಿ ದೀಪ ಆರಿಸು ಅನ್ನುತ್ತಿರಲಿಲ್ಲ, ಅಪಶಕುನ; ದೀಪ ಶಾಂತ ಮಾಡು ಅನ್ನುತ್ತಿದ್ದಳು. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂತು. ಮುಂದೆ ಮನೆಮನೆಗೂ ಬಲ್ಬು ಬಂದಾಗ 'ಆಫ್ ಮಾಡು' ಎಂಬುದಕ್ಕೆ ಆ ಸೂತಕ ಇರಲಿಲ್ಲ. ಅಜ್ಜಿಯೂ ಅಳುಕಿಲ್ಲದೆ ಆಫ್ ಮಾಡಿಸಿದಳು. ಆದರೆ ಕನ್ನಡ ಬಿಡಬೇಕಲ್ಲ. ಈಗ ಬೀದಿಯಲ್ಲಿ ಕುಡಿದು ಮಲಗಿದವನೂ ಆಫ್ ಆಗಿದ್ದಾನೆ, ಸತ್ತವನೂ ಆಫ್ ಆಗಿದ್ದಾನೆ. ಅಜ್ಜಿ ತಪ್ಪಿಸಿಕೊಂಡ ಅರ್ಥ ಹಿಂಬಾಗಿಲಿನಿಂದ ಬಂದು ಕೂತಿದೆ.

ತಲೆ ಬಿಡದೆ ಇಡಿಯಾಗಿ ಬಂದವೂ ಇವೆ. ಗ್ಯಾರೇಜಿನವನು "ಪಿಕಪ್ಪೇ ಇಲ್ಲ ಸಾರ್" ಅಂದರೆ ಗಾಡಿ ಎಳೆಯುತ್ತಿಲ್ಲ. ಕ್ಯಾಬಿನವನು ಪಿಕಪ್‌ಗೆ ಬರುತ್ತಾನೆ. ಎರಡನೇ ವಾರದಲ್ಲಿ ಪಿಕ್ಚರ್ ಪಿಕಪ್ ಆಗುತ್ತದೆ. ಬಿಲ್ಡಪ್ಪಿನ ಗತಿ ಇನ್ನೂ ಚೆನ್ನ: ಇಂಗ್ಲಿಷಿನಲ್ಲಿ ನಿಧಾನಕ್ಕೆ ಕಟ್ಟಿ ಬೆಳೆಸುವುದು, ಕನ್ನಡದಲ್ಲಿ ಏನೂ ಕಟ್ಟದೆ ಕೊಡುವುದು. "ಸುಮ್ನೆ ಬಿಲ್ಡಪ್ ಕೊಡ್ಬೇಡ." ಬಸ್ಸು, ಕಪ್ಪು ಎಂದು ದ್ವಿತ್ವ ಮಾಡಿದ ನಾಲಗೆಯೇ ಪಿಕಪ್ಪು, ಗೆಟಪ್ಪು, ಮೇಕಪ್ಪು ಮಾಡಿದೆ, ಕಾರು, ಮೀಟರು ಎಂದಂತೆ ಕಟೌಟು. ವ್ಯಾಕರಣ ಕೇಳದೆಯೇ ಸರಿಯಾಗಿ ಬರುವ ವ್ಯಾಕರಣ.

'ಪಾಸೌಟ್' ಬಗ್ಗೆ ಒಂದು ತಕರಾರು ಇದೆ. ನಾನು ಡಿಗ್ರಿ ಪಾಸೌಟ್ ಅಂದರೆ ಮೂರ್ಛೆ ಹೋದೆ ಎಂದರ್ಥ ಎಂದು ಇಂಗ್ಲಿಷ್ ಬಲ್ಲವರು ನಗುತ್ತಾರೆ. ಅವರು ಹಲಸೂರು ಕೆರೆ ದಂಡೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಮೈದಾನ ನೋಡಿಲ್ಲ. 1780ರಲ್ಲಿ ಹುಟ್ಟಿದ ಈ ಪಡೆಯ ಹೊಸಬರು ತರಬೇತಿ ಮುಗಿಸಿದ ದಿನ ನಡೆಯುವುದು ಪಾಸಿಂಗ್ ಔಟ್ ಪೆರೇಡು. ಯಾರೂ ಮೂರ್ಛೆ ಹೋಗುವುದಿಲ್ಲ. ಬ್ರಿಟಿಷರ ಸೈನ್ಯದ ಮಾತನ್ನೇ ನಾವು ಕಾಲೇಜಿಗೂ ತಂದೆವು. ನಗುವುದಾದರೆ 'ಕೋಪ್ ಅಪ್' ಎನ್ನುವವರನ್ನು ನೋಡಿ ನಗಲಿ. ಅಲ್ಲಿ ಬಾಲಕ್ಕೆ ಕೆಲಸವೇ ಇಲ್ಲ.

ಇಂದಿರಾನಗರದಲ್ಲಿ ನಮ್ಮ ಮೇಲಿನ ಮಹಡಿಗೆ ಬಾಡಿಗೆಗೆ ಬಂದ ಲಖನೌ ಹುಡುಗಿ ಕನ್ನಡ ಕಲಿಯುತ್ತಿದ್ದಾಳೆ. ಒಂದು ಸಂಜೆ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದಳು: "ಅಂಕಲ್, ಕೈ ಕೊಡಿ ಅಂದ್ರೆ ಶೇಕ್ ಹ್ಯಾಂಡ್. ಕೈಕೊಟ್ಟ ಅಂದ್ರೆ ಮೋಸ ಮಾಡ್ದ. ಯಾಕೆ?" ನಾನು ಉತ್ಸಾಹದಿಂದ ಕೈಹಿಡಿ, ಕೈಬಿಡು, ಕೈಹಾಕು ಎಲ್ಲ ಹೇಳಿಕೊಟ್ಟೆ. ಕೈಮಾಡು ಅಂದರೆ ಹೊಡೆ ಎಂದಾಗ ಅವಳ ಮುಖದಲ್ಲಿ ಕಂಡದ್ದು ಬಸ್ಸಿನ ಹುಡುಗನ ಮುಖದಲ್ಲಿದ್ದ ಸುಸ್ತೇ.

ಅದಕ್ಕೇ ಹಲಸೂರು ದಾಟಿದ ಮೇಲೆ ಅವನನ್ನು ಮಾತಾಡಿಸಿದೆ. "ಲುಕ್ ಆಫ್ಟರ್‌ಗೆ ಏನು ಬರ್ದಿದೀಯಪ್ಪ?"

"ಪಾಲನೆ ಪೋಷಣೆ, ಸಾರ್."

"ಮನೇಲಿ ಅಮ್ಮ ಊರಿಗೆ ಹೋಗುವಾಗ ಏನಂತಾರೆ? ತಂಗೀನ..."

"ನೋಡ್ಕೋ."

ನೋಡು, ಜೊತೆಗೆ ಕೊಳ್ಳು. ಲುಕ್, ಜೊತೆಗೆ ಆಫ್ಟರ್. ಗಿವ್ ಅಪ್ ಅಂದರೆ ಬಿಟ್ಬಿಡು. ಈಟ್ ಅಪ್ ಅಂದರೆ ತಿಂದ್ಹಾಕು. ಇಂಗ್ಲಿಷು ಅಪ್ಪು ಔಟು ಅಂಟಿಸಿದರೆ ಕನ್ನಡ ಇನ್ನೊಂದು ಕ್ರಿಯಾಪದವನ್ನೇ ಅಂಟಿಸುತ್ತದೆ: ಬಿಡು, ಹಾಕು, ಕೊಳ್ಳು, ಹೋಗು. 'ಓಡಿದಳು' ಮತ್ತು 'ಓಡಿಹೋದಳು' ನಡುವೆ ಒಂದು ಪೊಲೀಸ್ ಕಂಪ್ಲೇಂಟಿನಷ್ಟು ವ್ಯತ್ಯಾಸ. ಹುಟ್ಟಿನಿಂದ ಈ ಲೆಕ್ಕ ಬಲ್ಲವನಿಗೆ ಕ್ಲಾಸಿನಲ್ಲಿ ಪಾಲನೆ ಪೋಷಣೆ ಎಂದು ಬರೆಸುತ್ತಾರಲ್ಲ, ಅದು ನನ್ನ ಹೊಟ್ಟೆನೋವು.

ಹುಡುಗ ರಬ್ಬರ್ ತೆಗೆದು 'ಪಾಲನೆ ಪೋಷಣೆ' ಅಳಿಸಿ 'ನೋಡ್ಕೋ' ಎಂದು ಬರೆದ. 'ಪುಟ್ ಆಫ್' ಎದುರಿಗೆ ಪೆನ್ಸಿಲ್ ಇಟ್ಟು ಯೋಚಿಸುತ್ತ ಕೂತ. ಅಷ್ಟರಲ್ಲಿ ಕಿಟಕಿಯಾಚೆ ಟಿನ್ ಫ್ಯಾಕ್ಟರಿಯ ಸ್ಟಾಪು ಹಿಂದಕ್ಕೆ ಸರಿಯತೊಡಗಿತ್ತು. ನೋಟ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎದ್ದು ಕಂಬ ಹಿಡಿದು, ಗಂಟಲು ಹರಿಯುವಂತೆ ಕೂಗಿದ:

"ಹೋಲ್ಡಾನ್, ಹೋಲ್ಡಾನ್!"